ಜಾಲಿಗೆ ಗೆರೆಯಿಲ್ಲ

ಪೆನ್ಸಿಲಿನ ಮೊನೆ ಮತ್ತೆ ಮುರಿಯಿತು. ಇಷ್ಟು ವರ್ಷ ಬನಹಟ್ಟಿಯ ಹುಡುಗರಿಗೆ ಬೇರೆ ಏನನ್ನು ಕಲಿಸಿದ್ದನೋ ಬಿಟ್ಟಿದ್ದನೋ, ಪೆನ್ಸಿಲ್ ಹೆರೆಯುವ ವಿದ್ಯೆಯನ್ನಂತೂ ಡ್ರಾಯಿಂಗ್ ಮಾಸ್ತರ ಸುಪಾರ್ಶ್ವ ಕಲಿಸಿದ್ದ. ಅವನ ಕೈಕೆಳಗೆ ಪಾಸಾದವರು ಈಗ ನೂಲಿನ ಅಂಗಡಿಗಳಲ್ಲಿ ಕೂತಿದ್ದರು. ಚಿತ್ರ ಬರೆಯುವುದನ್ನು ಎಲ್ಲರೂ ಬಿಟ್ಟಿದ್ದರು, ಆದರೆ ಅವರ ಕಿವಿಯ ಮೇಲಿನ ಪೆನ್ಸಿಲುಗಳು ಇಡೀ ಸೀಮೆಯಲ್ಲೇ ಚೂಪಾಗಿದ್ದವು. ಇವತ್ತು ಮಾತ್ರ ಕಟ್ಟೆಯ ಮೇಲೆ ಕೂತು ಕೆರೆದಷ್ಟೂ ಸೀಸ ಒಳಗೊಳಗೇ ಪುಡಿಯಾಗುತ್ತ ಹೋಯಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ರಾಜಮತಿ ಕೇಳಿದಳು: “ಪೆನ್ಸಿಲ್ ಹೆರ್ಯಾಕತ್ತೀರೋ, ಕೊಡ್ಲಿ ಮಸ್ಯಾಕತ್ತೀರೋ?”

ಅವಳಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಮಾತೇ ನೇರ ಹೋಗಿ ನಡುವಿಗೆ ಬೀಳುತ್ತದೆ. ಇವತ್ತು ಭಾನುವಾರ, ಶಾಲೆಗೆ ರಜೆ. ಮತ್ತು ಇವತ್ತೇ ಗಿಡ ಕಡಿಯುವ ಕರೆಪ್ಪ ನೇಕಾರರ ಓಣಿಯ ಬಾಯಿಗೆ ಕೊಡಲಿ ತೆಗೆದುಕೊಂಡು ಬರುವವನಿದ್ದ. ಅಲ್ಲಿ ಮುತ್ತವ್ವನ ಮನೆಯ ಮುಂದಿದ್ದ ಹಳೆಯ ಜಾಲಿಯ ಗಿಡ ಸಂಜೆಯೊಳಗೆ ನೆಲಕ್ಕೆ ಬೀಳಬೇಕೆಂದು ಹುಕುಮಾಗಿತ್ತು. ಹುಕುಮು ಸುಪಾರ್ಶ್ವ ಬರೆದದ್ದಲ್ಲ. ಅವನು ಬರೆದದ್ದು ಒಂದು ಚಿತ್ರ ಮಾತ್ರ, ಅದೂ ಗಿಡವನ್ನು ಉಳಿಸಲೆಂದು. “ಏನಿಲ್ಲ, ಚಿತ್ರಾ ಬರ್ಯಾಕ ಹೊಂಟೇನಿ” ಎಂದ. “ಹೊರಗ?” ಎಂದಳು ರಾಜಮತಿ, ಗಂಡ ಕಾಶಿಗೆ ಹೊರಟೆನೆಂದಷ್ಟು ಬೆರಗಾಗಿ. ಆಮೇಲೆ ಒಳಗೆ ಹೋಗಿ, ತಲೆಗೆ ಸುತ್ತಿಕೊಳ್ಳಲು ಒಗೆದ ಪಂಜೆ ತಂದುಕೊಟ್ಟಳು. “ಹೊತ್ತ ಮುಳುಗೂದ್ರೊಳಗ ಊಟಕ್ಕ ಬರ್ರಿ ಮತ್ತ. ಮೊನ್ನೆ ಜಮಖಂಡಿಗೆ ಹೋದಾವ್ರು ಉಪಾಸ ಮಲಗೀರಿ.” ತೇರದಾಳದ ತವರಿನಿಂದ ಅವಳು ತಂದ ಜೈನರ ನೇಮವದು, ಸೂರ್ಯ ಮುಳುಗಿದ ಮೇಲೆ ಮನೆಯಲ್ಲಿ ಯಾರೂ ತುತ್ತು ಎತ್ತುವಂತಿಲ್ಲ. ಮೊನ್ನೆ ಅವನು ಉಪವಾಸ ಮಲಗಿದ್ದು ನೇಮಕ್ಕಾಗಿ ಅಲ್ಲ. ಆದರೆ ನೇಮವೆಂಬುದು ಇದ್ದರೆ ಮನುಷ್ಯನಿಗೆ ಎಷ್ಟೊಂದು ಅನುಕೂಲ. ಗಂಟಲಲ್ಲಿ ಅನ್ನ ಇಳಿಯದಿದ್ದ ದಿನ ಅದನ್ನು ವ್ರತ ಎಂದು ಕರೆಯಬಹುದು.

ಓಣಿಯಲ್ಲಿ ನಡೆಯುತ್ತಿದ್ದಾಗ ಮಗ್ಗಗಳ ಸದ್ದು ಎರಡೂ ಕಡೆಯಿಂದ ಬರುತ್ತಿತ್ತು. ಮನೆಮನೆಯ ಪಡಸಾಲೆಯ ಗೋಡೆಗಳ ಮೇಲೆ ತನ್ನದೇ ಕೈಚಿತ್ರಗಳು ನೇತಾಡುತ್ತಿದ್ದುದು ಅವನಿಗೆ ಗೊತ್ತು, ಅದಕ್ಕೇ ತಲೆ ಎತ್ತಲಿಲ್ಲ. ಆ ಚಿತ್ರಗಳಲ್ಲೆಲ್ಲ ಹಳ್ಳವಿತ್ತು, ಹಳ್ಳದ ಮೇಲೆ ಮರದ ಸೇತುವೆಯಿತ್ತು, ಇಳಿಜಾರು ಮಾಳಿಗೆಯ ಮನೆಯಿತ್ತು, ಮನೆಯ ಸುತ್ತ ಹಲಗೆಯ ಬೇಲಿ. ಕೆಳಗೆ ‘ಕೃಷ್ಣಾ ತೀರ’ ಎಂದು ದುಂಡಕ್ಷರ. ಕೃಷ್ಣಾ ನದಿಯಲ್ಲಿ ದಿನಾ ಎಮ್ಮೆ ತೊಳೆಯುವವರು ಕೂಡ ಆ ಚಿತ್ರ ಕೇಳಿ ಒಯ್ದು ಮೊಳೆ ಹೊಡೆದಿದ್ದರು. ಇದು ಯಾವ ಊರ ಕೃಷ್ಣೆ ಎಂದು ಒಬ್ಬರೂ ಕೇಳಿರಲಿಲ್ಲ. ಹತ್ತಿಯ ವ್ಯಾಪಾರಿ ಗಿರಮಲ್ಲಪ್ಪನೊಬ್ಬ ಒಮ್ಮೆ ಕೇಳಿದ್ದ, ಅದೂ ಚಳಿಗಾಲದ ಚಿತ್ರ ನೋಡಿ: “ಇದೇನ್ರಿ ಮಾಸ್ತರ, ಮಾಳಗಿ ಮ್ಯಾಲ, ಬೇಲಿ ಮ್ಯಾಲ, ಗಿಡದ ಮ್ಯಾಲ ಎಲ್ಲಾ ಬೆಳ್ಳಗ?” ಅದು ಹಿಮ. ಹಿಮವನ್ನು ಸುಪಾರ್ಶ್ವ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ, ಗಿರಮಲ್ಲಪ್ಪನ ಅಜ್ಜನೂ ಕಂಡಿರಲಿಲ್ಲ. “ಹತ್ತಿ ಒಣಗಾಕ ಹಾಕ್ಯಾರ್ರಿ” ಎಂದಿದ್ದ. “ಎಪ್ಪಾ, ಭಾರಿ ಬೆಳಿ ಬಂದೈತಿ ಹಂಗಾರ!” ಎಂದು ಗಿರಮಲ್ಲಪ್ಪ ಅದಕ್ಕೆ ಗಾಜು ಹಾಕಿಸಿ ಗಾದಿಯ ಹಿಂದೆ ತೂಗುಹಾಕಿದ. ಅಂದಿನಿಂದ ಆ ಅಂಗಡಿಯ ಮುಂದೆ ಹಾಯುವಾಗ ಸುಪಾರ್ಶ್ವನಿಗೆ ಆ ದೂರದ ದೇಶದ ಚಳಿ ಬೆನ್ನಿಗೆ ತಾಗುತ್ತಿತ್ತು.

ಈ ಚಿತ್ರಗಳೆಲ್ಲ ಬಂದದ್ದು ಒಂದು ಪುಸ್ತಕದಿಂದ. ಮಿರಜಿನ ಕಡೆ ಓದುತ್ತಿದ್ದಾಗ, ಅಮೆರಿಕದ ಮೇಡಂ ಒಬ್ಬಳು ತನ್ನ ದೇಶಕ್ಕೆ ಹೊರಟು ಬಂಗಲೆಯ ಸಾಮಾನನ್ನೆಲ್ಲ ಹರಾಜಿಗೆ ಇಟ್ಟಳು. ಕಬ್ಬಿಣದ ಮಂಚ, ಉಪ್ಪಿನಕಾಯಿಗೆ ಆದೀತೆಂದು ಎಲ್ಲರೂ ಕಣ್ಣಿಟ್ಟ ಗಾಜಿನ ಭರಣಿಗಳು, ಅವುಗಳ ನಡುವೆ ಸುಪಾರ್ಶ್ವ ಕೊಂಡ, ಗೆದ್ದಲು ತಿಂದ ಆ ಪುಸ್ತಕ. ಅವಳ ಅಜ್ಜನ ಕಾಲದ್ದಂತೆ. ಅಮೆರಿಕದ ಯಾರೋ ಡ್ರಾಯಿಂಗ್ ಮಾಸ್ತರ ಗುಡ್ಡ, ಹೊಳೆ, ಕಾಡು ಎಂದು ತಿರುಗಿ ನಿಸರ್ಗವನ್ನು ಕಣ್ಣಾರೆ ಕಂಡು ಪೆನ್ಸಿಲಿನಲ್ಲಿ ಬರೆದು, ಹಾಗೇ ಬರೆಯುವುದನ್ನು ಪಾಠಗಳಾಗಿ ಅಚ್ಚು ಹಾಕಿಸಿದ್ದು. ಮೊದಲು ಬೇಲಿ, ಆಮೇಲೆ ಬಂಡೆ, ಆಮೇಲೆ ಮುರಿದ ಬೊಡ್ಡೆ, ಕೊನೆಗೆ ಗಿಡಗಳು. ಒಂದೊಂದು ಗಿಡದ ಎಲೆಗೆ ಒಂದೊಂದು ಜಾತಿಯ ಗೆರೆ: ಓಕ್ ಎಂಬುದಕ್ಕೆ ಮೂರರ ಅಂಕಿಯನ್ನು ಮಗುಚಿ ಹಾಕಿದ ಹಾಗೆ, ಪೈನಿಗೆ ಬಾಚಣಿಕೆಯ ಹಲ್ಲು, ಎಲ್ಮ್ ಎಂಬುದಕ್ಕೆ ಹೆಣ್ಣಿನ ಮುಂಗುರುಳಿನಂತೆ ಮೇಲಿಂದ ಕೆಳಗೆ ಇಳಿಯುವ ಗೆರೆ. ಆ ಎಲ್ಮ್ ಗಿಡವನ್ನು ನೋಡಿ ಎಳೆಯ ಸುಪಾರ್ಶ್ವನಿಗೆ ಕಣ್ಣು ತುಂಬಿ ಬಂದಿತ್ತು. ನೆಲದಿಂದ ಕಾರಂಜಿಯಂತೆ ಎದ್ದು, ತುದಿಯಲ್ಲಿ ಬಾಗಿ, ಯಾರನ್ನೋ ಆಶೀರ್ವದಿಸುವಂತೆ ನಿಂತಿತ್ತದು. ಅದನ್ನು ಅವನು ಅದೆಷ್ಟು ಸಲ ಬರೆದನೆಂದರೆ, ಕಡೆಗೆ ಪುಸ್ತಕ ಬೇಕಾಗಲಿಲ್ಲ. ಕಣ್ಣು ಕೂಡ ಬೇಕಾಗಲಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಆ ಅಮೆರಿಕದ ಮಾಸ್ತರ ಒಂದು ಮಾತು ಬರೆದಿದ್ದ: ನಿಸರ್ಗವೇ ನಿಜವಾದ ಗುರು, ಕೈ ಪಳಗಿದ ಮೇಲೆ ಈ ಪುಸ್ತಕವನ್ನು ಮುಚ್ಚಿ ಹೊರಗೆ ಹೋಗಿರಿ. ಸುಪಾರ್ಶ್ವ ಅದನ್ನು ಪ್ರತಿ ವರ್ಷ ಹೊಸ ಹುಡುಗರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ, ಹೇಳುವಾಗ ಅವನಿಗೇ ರೋಮಾಂಚನವಾಗುತ್ತಿತ್ತು. ಆಮೇಲೆ, “ಆ ಕಿಡಕಿ ಹಾಕ್ಕೊಳ್ರಿ, ಧೂಳ ಬರತೈತಿ” ಎನ್ನುತ್ತಿದ್ದ.

ನಿಸರ್ಗ ನೋಡಿ ಬರೆಯುವ ಮಾಸ್ತರ ಎಂಬ ಹೆಸರು ಹೀಗೆ ಬಂತು. ಹೆಸರೆಂಬುದು ಒಮ್ಮೆ ಬಂದರೆ ಬಂದ ದಾರಿಯನ್ನು ಯಾರೂ ಕೇಳುವುದಿಲ್ಲ. ಅದು ಜಮಖಂಡಿಯ ಕಚೇರಿಯಲ್ಲಿ ರಸ್ತೆಯ ಕೆಲಸ ನೋಡುವ ಚಿಟಣೀಸ ಸಾಹೇಬರ ಕಿವಿಗೂ ಮುಟ್ಟಿತು. ಪುಣೆಯಲ್ಲಿ ಓದಿ ಬಂದ ಸಾಹೇಬರಿಗೆ ಕಲೆಯಲ್ಲಿ ಬಹಳ ಪ್ರೀತಿ, ಬಿಸಿಲಿನಲ್ಲಿ ಅಷ್ಟಿಲ್ಲ. ಸರ್ವೀಸ್ ಮೋಟಾರು ಸಲೀಸಾಗಿ ಓಡಾಡಲೆಂದು ಬನಹಟ್ಟಿಯ ರಸ್ತೆಯನ್ನು ಅಗಲ ಮಾಡುತ್ತಿದ್ದರು, ನೇಕಾರರ ಓಣಿಯ ಬಾಯಿಗೆ ಒಂದು ಗಿಡ ಅಡ್ಡ ಬಂದಿತ್ತು, ಗಿಡ ಕಡಿಯಬೇಡಿರೆಂದು ನೇಕಾರರು ಅರಿಕೆ ಮಾಡಿಕೊಂಡಿದ್ದರು. “ಈ ಬಿಸಲಾಗ ನಾ ಅಲ್ಲೀ ತನಕಾ ಬರೂದಿಲ್ಲ ಮಾಸ್ತರ” ಎಂದಿದ್ದರು ಸಾಹೇಬರು, ಒದ್ದೆ ಲಾವಂಚದ ತಟ್ಟಿಯ ಹಿಂದೆ ಕೂತು. “ನೀವು ಹೋಗಿ ಆ ಗಿಡದ ಚಿತ್ರಾ ಬರಕೊಂಡ್ ಬರ್ರಿ. ಉಳಸೂವಂಥಾದ್ದಿದ್ರ ರಸ್ತಾ ತುಸು ಸರಸೋಣು. ಇಲ್ಲಂದ್ರ ಕಡಸೋಣು. ನಿಮ್ಮ ಕಣ್ಣ ನನ್ನ ಕಣ್ಣ ಇದ್ದಂಗ.” ಅದು ಗೌರವವೆಂದು ಸುಪಾರ್ಶ್ವ ಮೋಟಾರಿನಲ್ಲಿ ಮನೆಯವರೆಗೂ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತಿದ್ದ.

ಮಾರನೆಯ ದಿನ ಹೋಗಿ ನೋಡಿದರೆ ಗಿಡ ಜಾಲಿ. ಅವನಿಗೆ ಸಣ್ಣಗೆ ಅವಮಾನವಾಯಿತು. ಆಲವೋ ಹುಣಸೆಯೋ ಆಗಿದ್ದರೆ ಒಂದು ಮರ್ಯಾದೆಯಿತ್ತು. ಇದು ಕರಿಯ ಬೊಡ್ಡೆ, ಸೊಟ್ಟ ಟೊಂಗೆ, ಎಲೆ ಎಂದರೆ ಹಸಿರು ಧೂಳು, ಕೈಯಿಟ್ಟಲ್ಲಿ ಜೋಡಿ ಮುಳ್ಳು. ಹೊಲದ ಬದುವಿನಲ್ಲಿ ಕುರಿಯವರು ಬಡಿದು ಕಾಯಿ ಉದುರಿಸುವ ಗಿಡ, ದನ ಕೂಡ ದೂರ ನಿಂತು ತಿನ್ನುವ ಗಿಡ. ಮುತ್ತವ್ವ ಅದರ ನೆರಳಲ್ಲಿ ಕೂತು ರಾಟಿಯ ಮೇಲೆ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಗಂಡ ತೀರಿಕೊಂಡ ಮೇಲೂ ಮಗ್ಗ ನಿಲ್ಲಿಸದ ಹೆಂಗಸು, ಓಣಿಗೆಲ್ಲ ದೊಡ್ಡವಳು. ಓಣಿಯವರು ಸೀರೆಯ ಹಾಸನ್ನು, ನೇಯುವ ಮೊದಲಿನ ಉದ್ದ ನೂಲೆಳೆಗಳನ್ನು, ಬೀದಿಯುದ್ದಕ್ಕೂ ಹಿಡಿದು, ಗಂಜಿ ಹಚ್ಚಿ, ಒಣಗಲು ಎಳೆದು ಕಟ್ಟುತ್ತಿದ್ದುದು ಈ ಗಿಡದ ಬೊಡ್ಡೆಗೇ. ಇದು ಹೋದರೆ ಅಷ್ಟು ಉದ್ದದ ಹಾಸನ್ನು ತಡೆದು ನಿಲ್ಲುವ ಗೂಟ ಆ ಓಣಿಯಲ್ಲಿ ಬೇರೆ ಇರಲಿಲ್ಲ. ಅದನ್ನೆಲ್ಲ ಮುತ್ತವ್ವ ಹೇಳಿದಳು, ಸುಪಾರ್ಶ್ವ ತಲೆಯಾಡಿಸಿದ, ಕೇಳಲಿಲ್ಲ. ಆಕೆ ಒಂದು ಕಲ್ಲನ್ನು ನೆರಳಿಗೆ ಉರುಳಿಸಿ, ಸೆರಗಿನಿಂದ ಒರೆಸಿ, “ಕುಂಡ್ರರಿ ಮಾಸ್ತರ” ಎಂದಳು. ಆಮೇಲೆ ಒಂದು ತಂಬಿಗೆ ನೀರು ತಂದಳು. “ಸೋಸೇನ್ರಿ, ಹೊಸಾ ಅರಿವ್ಯಾಗ. ನಿಮ್ಮ ಮಂದಿ ಸೋಸದ ಕುಡ್ಯಂಗಿಲ್ಲಲ್ಲ.” ಅವನೇ ಮರೆತಿದ್ದ ನೇಮವನ್ನು ಅವಳು ನೆನಪಿಟ್ಟಿದ್ದಳು. ಆ ನೀರು ಕುಡಿದು, ಒಳ್ಳೆಯದು ಮಾಡಬೇಕೆಂಬ ತುಂಬು ಮನಸ್ಸಿನಿಂದ ಸುಪಾರ್ಶ್ವ ಪೆನ್ಸಿಲ್ ಎತ್ತಿದ. ಗಿಡದ ಕಡೆ ಒಮ್ಮೆ ನೋಡಿದ. ಆಮೇಲೆ ನೋಡಲಿಲ್ಲ. ನೋಡಿದರೆ ಕೈ ತಡವರಿಸುತ್ತಿತ್ತು, ನೋಡದಿದ್ದರೆ ಓಡುತ್ತಿತ್ತು. ಜಾಲಿಯ ಎಲೆಗೆ ಪುಸ್ತಕದಲ್ಲಿ ಗೆರೆ ಇರಲಿಲ್ಲ. ಹಾಗಾಗಿ ಎಲ್ಮಿನ ಮುಂಗುರುಳಿನ ಗೆರೆ ತಾನಾಗಿಯೇ ಇಳಿಯತೊಡಗಿತು, ಬೊಡ್ಡೆ ತಾನಾಗಿಯೇ ಕಾರಂಜಿಯಂತೆ ಎದ್ದಿತು, ಬದಿಗೊಂದು ಹಲಗೆಯ ಬೇಲಿ ಕೂಡ ಕೇಳದೆಯೇ ಬಂದು ನಿಂತಿತು. ಬಿಸಿಲೇರುವ ಮೊದಲೇ ಮುಗಿಯಿತು. ಮೂಲೆಯಲ್ಲಿ ‘ನಿಸರ್ಗದಿಂದ’ ಎಂದು ಬರೆದು ರುಜು ಹಾಕಿದ. ಮುತ್ತವ್ವ ಎದ್ದು ಬಂದು, ಹಾಳೆಯನ್ನು ಒದ್ದೆ ಕೈಯಿಂದ ಮುಟ್ಟದೆ, ಬಾಗಿ ಬಹಳ ಹೊತ್ತು ನೋಡಿದಳು. ಖರೆಯ ಸಂತೋಷದಿಂದಲೇ ಹೇಳಿದಳು: “ಭಾಳ ಛಂದ ಆಗೇತ್ರಿ. ಯಾರ ಮನಿ ಮುಂದಿಂದಿದು?”

ಅವನು ನಕ್ಕ. ಅವಿದ್ಯಾವಂತರ ಮಾತೆಂದು ನಕ್ಕ. ಆ ನಗೆ ಈಗ ನೆನಪಾಗಿ, ಓಣಿಯ ನಡುವೆ ನಡೆಯುತ್ತಿದ್ದವನಿಗೆ ಕಾಲಿಗೆ ಕಲ್ಲು ತಾಗಿದಂತಾಯಿತು.

ಚಿತ್ರ ನೋಡಿ ಚಿಟಣೀಸ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರಂತೆ. ವಾರದೊಳಗೆ ಹುಕುಮು ಬಂತು: ಚಿತ್ರದಲ್ಲಿ ಕಾಣಿಸಿರುವ ಸುಂದರ ವೃಕ್ಷದ ಒಂದು ಎಲೆಯನ್ನೂ ಯಾರೂ ಮುಟ್ಟತಕ್ಕದ್ದಲ್ಲ, ಸದರಿ ವೃಕ್ಷದ ನೋಟಕ್ಕೆ ಅಡ್ಡ ಬರುವ ಜಾಲಿ ಮುಂತಾದ ಮುಳ್ಳುಗಿಡಗಳನ್ನು ಕೂಡಲೇ ತೆಗೆಸತಕ್ಕದ್ದು. ಓವರ್ಸಿಯರನು ಹುಕುಮು ಹಿಡಿದುಕೊಂಡು ಓಣಿಯ ಸುತ್ತ ತಿರುಗಿದ. ಸುಂದರ ವೃಕ್ಷ ಸಿಗಲಿಲ್ಲ, ಜಾಲಿ ಸಿಕ್ಕಿತು. ಹುಕುಮಿನ ಅರ್ಧವನ್ನಾದರೂ ಜಾರಿಗೆ ತರುವ ಅವಕಾಶ ಸಿಕ್ಕಿದ್ದಕ್ಕೆ ಅವನು ದೇವರಿಗೆ ಕೈಮುಗಿದಿರಬೇಕು. ಇನ್ನರ್ಧದ ಬಗ್ಗೆ ಕೇಳಿದವರಿಗೆ, “ದೊಡ್ಡವರ ಕಣ್ಣಿಗೆ ಕಂಡೈತಿ. ನಮ್ಮ ಕಣ್ಣಿಗೂ ಕಾಣಬೇಕಂತ ಎಲ್ಲೈತಿ?” ಎಂದ.

ಸುಪಾರ್ಶ್ವ ಮೊನ್ನೆ ಜಮಖಂಡಿಗೆ ಹೋಗಿದ್ದು ಅದಕ್ಕೇ. ಹೇಳಬೇಕಾದದ್ದು ಒಂದೇ ಮಾತು: ಸಾಹೇಬರ, ಚಿತ್ರದಾಗಿನ ಗಿಡಾ ಇಲ್ಲ, ಜಾಲೀನ ಆ ಗಿಡ. ಮೋಟಾರಿನಲ್ಲಿ ಅದನ್ನು ಬಾಯಿಪಾಠ ಮಾಡಿದ. ಒಳಗೆ ಹೋದರೆ ಸಾಹೇಬರ ಕುರ್ಚಿಯ ಹಿಂದೆ ಗೋಡೆಯ ಮೇಲೆ ಎಲ್ಮ್ ಗಿಡ ಚೌಕಟ್ಟಿನಲ್ಲಿ ನಿಂತು ಎಲ್ಲರನ್ನೂ ಆಶೀರ್ವದಿಸುತ್ತಿತ್ತು. ಮುಧೋಳದಿಂದ ಬಂದಿದ್ದ ಇಬ್ಬರು ಪ್ರತಿಷ್ಠಿತರಿಗೆ ಸಾಹೇಬರು ಅವನ ಗುರುತು ಮಾಡಿಕೊಟ್ಟರು. ಅವರು ಎದ್ದು ನಮಸ್ಕಾರ ಮಾಡಿದರು. ಮಾಸ್ತರನಾದವನಿಗೆ ಎದ್ದು ನಮಸ್ಕಾರ ಮಾಡುವ ಪ್ರತಿಷ್ಠಿತರು ದಿನಾ ಸಿಗುತ್ತಾರೆಯೇ? “ಹೇಳ್ರಿ, ಏನ್ ಬಂದಿದ್ರಿ?” ಎಂದರು ಸಾಹೇಬರು.

“ಆ ಗಿಡದ ವಿಷಯ ಇತ್ರಿ.”

“ಗಿಡಕ್ಕ ಏನಾತು? ಯಾವಾಂವರೇ ಟೊಂಗಿ ಮುರದನೇನು? ಹೆಸರ ಹೇಳ್ರಿ ನನಗ!”

“ಹಂಗಲ್ರಿ. ಆ ಜಾಲಿ…”

“ಅದನ್ನ ತೆಗಸಾಕತ್ತೇನಿ! ಇಂಥಾ ಗಿಡದ ಮುಂದ ಅಂಥಾ ದರಿದ್ರ ಜಾಲಿ. ನಿಮ್ಮಂಥಾವ್ರ ಕಣ್ಣಿಗೆ ಎಷ್ಟ ತ್ರಾಸ ಆಗಿರಬೇಕು ಪಾಪ. ಖರೆ ಹೌದಲ್ಲೋ?”

ಮುಧೋಳದವರು ಅವನ ಬಾಯನ್ನೇ ನೋಡುತ್ತಿದ್ದರು, ಕಲಾವಂತನ ಬಾಯಿಂದ ಏನೋ ಬರಲಿದೆಯೆಂದು. “ಹೌದ್ರಿ” ಎಂದ ಸುಪಾರ್ಶ್ವ. ಅಷ್ಟೇ ಸಾಲದೆಂಬಂತೆ, “ಭಾಳ ಉಪಕಾರ ಆತ್ರಿ” ಎಂದೂ ಸೇರಿಸಿದ. ಚಹಾ ಬಂತು. ಚಹಾ ಕುಡಿದ. ಮರಳಿ ಬರುವಾಗ ಮೋಟಾರಿನ ಕಿಟಕಿಯಲ್ಲಿ ರಸ್ತೆಯುದ್ದಕ್ಕೂ ಜಾಲಿಗಳು ಒಂದಾದ ಮೇಲೊಂದು ಬಂದು ಹಿಂದೆ ಸರಿದವು. ಈ ಸೀಮೆಯಲ್ಲಿ ಇಷ್ಟೊಂದು ಜಾಲಿ ಇದೆಯೆಂದು ಹುಟ್ಟಿದಾಗಿನಿಂದ ಇಲ್ಲೇ ಇದ್ದವನಿಗೆ ಮೊದಲ ಸಲ ಕಂಡಿತು.

ಈಗ ಅವನು ಓಣಿಯ ಬಾಯಿ ಮುಟ್ಟುವಷ್ಟರಲ್ಲಿ ಕರೆಪ್ಪ ಆಗಲೇ ಬಂದಿದ್ದ. ಕೊಡಲಿಯನ್ನು ಗೋಡೆಗೆ ಒರಗಿಸಿ, ಚಂಚಿ ಬಿಚ್ಚಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಬೊಡ್ಡೆಗೆ ಹಗ್ಗ ಕಟ್ಟಿ ಮುತ್ತವ್ವನ ಹಾಸು ಬೀದಿಯುದ್ದಕ್ಕೂ ಎಳೆದು ನಿಂತಿತ್ತು, ಬಿಳಿಯ ನೀರಿನ ಕಾಲುವೆಯ ಹಾಗೆ. ಹುಕುಮಿನ ದಿನ ಬೇಕೆಂದೇ ಹಾಸು ಹೂಡಿದ್ದಳೋ, ಅಥವಾ ಇವತ್ತು ಹೂಡುವ ದಿನವೇ ಆಗಿತ್ತೋ. ಆಕೆಯ ಮುಖ ನೋಡಿ ಹೇಳುವಂತಿರಲಿಲ್ಲ. “ನೋಡ್ರಿ ಮಾಸ್ತರ, ಹಾಸು ಕಟ್ಟಿ ಕುಂತಾಳು ಆಯಿ” ಎಂದ ಕರೆಪ್ಪ. “ಒಣಗೂ ತನಕಾ ಬಿಚ್ಚಂಗಿಲ್ಲಂತ. ಓವರ್ಸಿಯರ ಬಂದ್ರ ನನ್ನ ಚರ್ಮಾ ಸುಲಿತಾನು.”

“ನಿನ್ನ ಚರ್ಮಾ ತಗೊಂಡ್ ಕಾಲಾಗಿನ ಚಡಾವ ಮಾಡಾಕೂ ಬರಂಗಿಲ್ಲ ಬಿಡೋ” ಎಂದಳು ಮುತ್ತವ್ವ ರಾಟಿ ನಿಲ್ಲಿಸದೆ. “ಅಲ್ಲೇ ಕುಂಡ್ರು ಸುಮ್ಮ. ನನ್ನ ಕೈಯಾಗ ಆಡಿದ ಹುಡುಗ ಕೊಡ್ಲಿ ತಗೊಂಡ್ ಬಂದಾನು, ದೊಡ್ಡ ಗಂಡಸ.”

ಸುಪಾರ್ಶ್ವ ಹಾಳೆ ಬಿಚ್ಚಿ ಹಲಗೆಗೆ ಚುಚ್ಚಿದ. ದಾರಿಯಲ್ಲಿ ಯೋಚಿಸಿಕೊಂಡು ಬಂದದ್ದು ಇಷ್ಟೇ: ಇವತ್ತಿನ ಹೊತ್ತು ಮುಳುಗುವವರೆಗೆ ಗಿಡ ನಿಂತರೆ ಸಾಕು. ಕತ್ತಲಲ್ಲಿ ಯಾರೂ ಗಿಡ ಕಡಿಯುವುದಿಲ್ಲ. ಬೆಳಗಿನ ಮೊದಲ ಮೋಟಾರಿಗೆ ಹೋಗಿ, ಬಾಯಿ ಹೇಳಲಾರದ್ದನ್ನು ಹಾಳೆಯಿಂದ ಹೇಳಿಸಬಹುದು. ಇದೋ ಸಾಹೇಬರ, ಗಿಡ ಇದು. ಅದಕ್ಕೆ ಒಂದು ಚಿತ್ರ ಬೇಕು, ಮತ್ತು ಅದು ಸಂಜೆಯವರೆಗೆ ಮುಗಿಯಬಾರದು. “ಕರೆಪ್ಪಾ, ಕಡ್ಯೂದಕಿಂತ ಮೊದಲ ಇದರದೊಂದ್ ಚಿತ್ರಾ ಬರಕೊಂತೀನಿ. ನಿಂದರ್ತೀಯಾ?”

“ಬರಕೋರಿ” ಎಂದ ಕರೆಪ್ಪ, ಹಾಸಿಗಾಗಿ ಕಾಯುವ ಹೊಣೆಯೂ ಮಾಸ್ತರನ ಮೇಲೆ ಹೋದದ್ದಕ್ಕೆ ಹಗುರಾಗಿ. “ನೀವು ಬರ್ಯೂ ತನಕಾ ಕೊಡ್ಲಿ ಮುಟ್ಟಂಗಿಲ್ಲ. ಚಿತ್ರಾ ಬರೀಬೇಕಂದ್ರ ಗಿಡಾ ನಿಂತಿರಬೇಕಲ್ರಿ ಮತ್ತ. ಆತಂದ್ರ ಹೇಳ್ರಿ.” ಚಿತ್ರ ಬರೆಯಲು ಗಿಡ ನಿಂತಿರಬೇಕು ಎಂಬ ಆ ಮಾತು ಸುಪಾರ್ಶ್ವನಿಗೆ ಹೊಸದಾಗಿ ಕೇಳಿಸಿತು.

ಮುಗಿಸದೆ ಇರುವುದು ಮೊದಮೊದಲು ಕಷ್ಟವಾಗಲಿಲ್ಲ, ಏಕೆಂದರೆ ಶುರುವೇ ಆಗಲಿಲ್ಲ. ಮೊದಲ ಹಾಳೆಯಲ್ಲಿ ಕೈ ತನ್ನ ಹಳೆಯ ಕಾರಂಜಿಯನ್ನು ಎಬ್ಬಿಸಿತು, ಅದನ್ನು ಮಗುಚಿದ. ಹಿಂಬದಿಯಲ್ಲಿ ಬರೆದ, ಓಕಿನ ಮೂರುಗಳು ಸಾಲಾಗಿ ಬಂದು ಕೂತವು. ಎಷ್ಟು ವರ್ಷ ತನ್ನ ಕೈ ಎಂದು ತಿಳಿದಿದ್ದನೋ ಆ ಕೈ, ಸತ್ತುಹೋದ ಯಾರೋ ಅಮೆರಿಕದವನ ಸಂಬಳವಿಲ್ಲದ ಆಳು ಎಂದು ಗೊತ್ತಾಗಿ ಅವನಿಗೆ ಬೆವರು ಬಂತು. ಆ ಮಾಸ್ತರನಾದರೂ ಪಾಪ, ಹೊರಗೆ ಹೋಗು ಎಂದೇ ಹೇಳಿದ್ದ. ಹೊಸ ಹಾಳೆ ಹಾಕಿ, ಗೆರೆ ಎಳೆಯದೆ ಸುಮ್ಮನೆ ನೋಡತೊಡಗಿದ. ಓಣಿಯ ಹೆಂಗಸರು ಹಾಸಿನ ಎಳೆ ಬಿಡಿಸುತ್ತ, “ಮಾಸ್ತರಗ ನಿದ್ದಿ ಬಂದೈತೇನ ನೋಡ್ರಿ” ಎಂದು ನಕ್ಕರು. ನೋಡಿದಷ್ಟೂ ಗಿಡ ಹಿಂದೆ ಸರಿಯಿತು. ಎಲೆಯೆಂಬುದು ಅಲ್ಲಿ ಇರಲೇ ಇಲ್ಲ; ಟೊಂಗೆಯ ಸುತ್ತ ಗಾಳಿ ಸ್ವಲ್ಪ ದಪ್ಪವಾಗಿತ್ತು ಅಷ್ಟೇ, ಅದರೊಳಗಿಂದ ಆಕಾಶ ಈಚೆಗೆ ಬರುತ್ತಿತ್ತು. ಮುಳ್ಳು ಕಪ್ಪಲ್ಲ, ಬಿಳಿ. ಬೊಡ್ಡೆಯ ಬಿರುಕುಗಳಲ್ಲಿ ಅಂಟು ಒಣಗಿ ಕೆಂಪಗೆ ನಿಂತಿತ್ತು. ತುದಿಯಲ್ಲಿ ಗೀಜಗನ ಗೂಡುಗಳು ತಲೆಕೆಳಗಾದ ತಂಬಿಗೆಗಳಂತೆ ತೂಗುತ್ತಿದ್ದವು. ಮತ್ತು ಬೊಡ್ಡೆಯ ಸುತ್ತ, ಎದೆಯ ಎತ್ತರದಲ್ಲಿ, ಒಂದು ಆಳವಾದ ಗೀರಿತ್ತು. ಎಷ್ಟೋ ತಲೆಮಾರಿನ ಹಾಸುಗಳ ಹಗ್ಗ ಕೊರೆದು ಕೊರೆದು ಗಿಡ ಅದರ ಮೇಲೂ ಕೆಳಗೂ ಉಬ್ಬಿ, ಸೊಂಟಕ್ಕೆ ಡಾಬು ಹಾಕಿದಂತೆ ನಿಂತಿತ್ತು. ಅಂದು ಇದರ ಎದುರಿಗೇ ಕೂತಿದ್ದೆ, ಇದು ಕಾಣಲಿಲ್ಲವೇ? ಬೇಲಿ ಕಂಡಿತ್ತು. ಇಲ್ಲದ ಬೇಲಿಯ ಒಂದೊಂದು ಹಲಗೆಯ ಮೊಳೆ ಕೂಡ ಕಂಡಿತ್ತು. ನಾಚಿಕೆಯಿಂದ ಮುಖ ಬಿಸಿಯಾಯಿತು, ಆ ಬಿಸಿಯಲ್ಲೇ ಮೊದಲ ಗೆರೆ ಎಳೆದ. ಅದು ಗೀರಿನ ಗೆರೆ. ಸೊಟ್ಟಗೆ ಬಂತು. ಸೊಟ್ಟಗೇ ಇತ್ತು.

ಮಧ್ಯಾಹ್ನ ಕರೆಪ್ಪ ರೊಟ್ಟಿ ಬಿಚ್ಚಿ, ಮುತ್ತವ್ವ ಕೊಟ್ಟ ಮಜ್ಜಿಗೆ ಕುಡಿದು, ಕಡಿಯಬೇಕಾದ ಗಿಡದ ನೆರಳಲ್ಲೇ ಒಂದು ನಿದ್ದೆ ತೆಗೆದ. ಎದ್ದವನು ಕೇಳಿದ: “ಆತೇನ್ರಿ?” “ಇನ್ನಷ್ಟ ಐತಿ” ಎಂದ ಸುಪಾರ್ಶ್ವ. ನೆರಳು ಸರಿದಂತೆ ಮುತ್ತವ್ವ ಎದ್ದು ಬಂದು, ಏನೂ ಹೇಳದೆ ಅವನ ಕಲ್ಲಿನ ಪಕ್ಕ ಇನ್ನೊಂದು ಕಲ್ಲು ನೆರಳಿಗಿಟ್ಟು ಹೋದಳು, ಅವನು ಅದಕ್ಕೆ ಸರಿದ. ಮತ್ತೆ ಅದೇ ತಂಬಿಗೆ, ಅದೇ ಸೋಸಿದ ನೀರು, ಮೇಲೆ ತೊಳೆದ ಅರಿವೆಯ ತುಂಡು. ಈ ನೀರಿಗೆ ತಾನು ಯೋಗ್ಯನಲ್ಲ ಎಂದುಕೊಂಡ. ಹಾಗೆ ಅಂದುಕೊಳ್ಳುವುದೂ ಒಂದು ಬಗೆಯ ಸೊಕ್ಕೇ ಎಂದುಕೊಂಡು ಕುಡಿದ. ಬರೆದದ್ದನ್ನು ಆಕೆಗೆ ತೋರಿಸಬೇಕೆನಿಸಿತು. ಆಕೆ ಮತ್ತೆ ಯಾರ ಮನೆಯದೆಂದು ಕೇಳಿದರೆ ಎಂದು ಹೆದರಿ ಹಲಗೆಯನ್ನು ಎದೆಗೆ ಒರಗಿಸಿಕೊಂಡ. ಆಕೆಯೇ ಹಿಂದಿನಿಂದ ಬಂದು ಹೆಗಲ ಮೇಲಿಂದ ನೋಡಿದಳು. ಛಂದ ಎನ್ನಲಿಲ್ಲ. ದಾರ ಸುತ್ತಿ ಸುತ್ತಿ ಒರಟಾದ ಬೆರಳನ್ನು ಹಾಳೆಗೆ ತಾಗದಂತೆ ಹಿಡಿದು ಕೇಳಿದಳು: “ತೊಟ್ಲ ಕಟ್ಟತಿದ್ದ ಟೊಂಗಿ ಎಲ್ಲೈತ್ರಿ? ಇಲ್ಲಿ ಬಾಗಿ ಬರಬೇಕಲ್ಲ, ಓಣಿ ಕಡೆ. ನನ್ನ ಕೂಸುಗೋಳೆಲ್ಲಾ ಅಲ್ಲೇ ಮಲಗ್ಯಾವು. ಈ ಕರೆಪ್ಪನ್ನೂ ಹಾಕೇನಿ ಒಮ್ಮೊಮ್ಮೆ, ಅವ್ವ ಹೊಲಕ್ಕ ಹೋದಾಗ.”

“ನನ್ನ್ಯಾಕ ಹಾಕಿದಿ, ಹಾಕದಿದ್ರ ಈ ಪಂಚಾಯ್ತಿನ ಇರತಿರಲಿಲ್ಲ” ಎಂದ ಕರೆಪ್ಪ.

“ಹಾಕಿದ್ದು ತಪ್ಪಾತಪ್ಪಾ. ಬೀಳಿಸಿದ್ರ ಬೇಷಿತ್ತು.”

ಎಲ್ಲರೂ ನಕ್ಕರು. ಸುಪಾರ್ಶ್ವನಿಗೆ ನಗು ಬರಲಿಲ್ಲ, ಯಾಕೆಂದರೆ ಆ ಟೊಂಗೆ ಹಾಳೆಯಲ್ಲಿ ನಿಜಕ್ಕೂ ಇರಲಿಲ್ಲ. ಯಾರ ಮನೆಯದೆಂದು ಈ ಸಲ ಆಕೆ ಕೇಳಿರಲಿಲ್ಲ. ತನ್ನದೆಂದು ಗುರುತು ಹಿಡಿದೇ, ಕಳೆದುಹೋದ ಸಾಮಾನು ಹುಡುಕುವವಳಂತೆ ಕೇಳಿದ್ದಳು. ಆ ಒಂದು ಮಾತಿನಿಂದ ಅವನ ಎದೆಯಲ್ಲಿ ಏನೋ ಬಿಚ್ಚಿಕೊಂಡಿತು. ಸಾಹೇಬರ ಚೌಕಟ್ಟು, ಮುಧೋಳದವರ ನಮಸ್ಕಾರ, ಪರೀಕ್ಷೆಯ ಇನ್ಸ್‌ಪೆಕ್ಟರುಗಳ ಶಾಬಾಸಿಗಳು ಎಲ್ಲ ಸೇರಿ ಇಷ್ಟು ವರ್ಷ ಕೊಡದಿದ್ದುದನ್ನು ಕೊಟ್ಟಿತು. ಮತ್ತೆ ಗಿಡ ನೋಡಿದ. ತೊಟ್ಟಿಲ ಟೊಂಗೆ ಎಲ್ಲಕ್ಕಿಂತ ಕೆಳಗಿತ್ತು, ದಪ್ಪಗೆ ಹೊರಟು, ಭಾರ ಹೊತ್ತ ನೆನಪಿಗೆ ನಡುವಿನಲ್ಲಿ ಬಾಗಿ, ಆಮೇಲೆ ಇನ್ನು ಸಾಕೆಂಬಂತೆ ಮೇಲಕ್ಕೆ ತಿರುಗಿತ್ತು. ಅದನ್ನು ಹಿಡಿಯುವುದಕ್ಕೆ ಹೋಗಿ ರಬ್ಬರಿನಿಂದ ಅಳಿಸಿದ, ಮತ್ತೆ ಅಳಿಸಿದ. ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಮಗ್ಗಗಳ ಸದ್ದು ಯಾವಾಗ ನಿಂತಿತೋ ಕೇಳಲಿಲ್ಲ. ಹಾಸು ಒಣಗಿ ಗರಿಗರಿಯಾಗಿತ್ತು. ಇಳಿಬಿಸಿಲು ಓಣಿಯ ಆ ತುದಿಯಿಂದ ಬಂದು ಇಡೀ ಜಾಲಿಯೊಳಗೆ ಹೊಕ್ಕಿತು, ಒಂದೊಂದು ಮುಳ್ಳೂ ದೀಪದ ಬತ್ತಿಯಂತೆ ಹೊತ್ತಿಕೊಂಡಿತು, ಆ ಹಸಿರು ಧೂಳೆಲ್ಲ ಬಂಗಾರದ ಧೂಳಾಯಿತು. ಅದಕ್ಕೆ ಯಾವ ಪುಸ್ತಕದಲ್ಲೂ ಗೆರೆಯಿಲ್ಲ. ಪೆನ್ಸಿಲಿನ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಹಾಳೆಯ ಮೇಲೆ ತೇಲಿಸಿದ, ರಬ್ಬರಿನ ಚೂರಿನಿಂದ ಬೆಳಕು ಎತ್ತಿದ. ತಾನು ಹೀಗೂ ಮಾಡಬಲ್ಲೆನೇ? ಯಾರು ಕಲಿಸಿದರು? ಟೊಂಗೆ ಬಾಗಿತು. ಬಾಗಿದ್ದು ಮೇಲಕ್ಕೆ ತಿರುಗಿತು. ತೊಟ್ಟಿಲು ಇಲ್ಲದಿದ್ದರೂ ತೊಟ್ಟಿಲ ಭಾರ ಅಲ್ಲಿತ್ತು.

ಕರೆಪ್ಪ ಪಡುವಣ ದಿಕ್ಕಿಗೆ ಕೈ ಮರೆಮಾಡಿ ನೋಡಿದ. ಅವನ ದನಿಯಲ್ಲಿ ಅವಸರವಿರಲಿಲ್ಲ, ಕಾಳಜಿಯಿತ್ತು. “ಮಾಸ್ತರ, ಹೊತ್ತ ಮುಳಗಾಕ ಬಂತ್ರಿ. ನೀವು ಬೆಳಕಿನ್ಯಾಗ ಉಣ್ಣಬೇಕಲ್ರಿ. ಮನ್ಯಾಗ ಅಕ್ಕಾರು ಹಾದಿ ನೋಡತಿರಬೇಕು.” ಆಮೇಲೆ ದಿನವಿಡೀ ಕೇಳಿದ ಹಾಗೆಯೇ ಕೇಳಿದ: “ಆತೇನ್ರಿ?”

ಸುಪಾರ್ಶ್ವ ಹಲಗೆಯನ್ನು ತೋಳಿನಷ್ಟು ದೂರ ಹಿಡಿದು ನೋಡಿದ. ಗಿಡ ಅಲ್ಲಿತ್ತು. ಹುಟ್ಟಿದಾಗಿನಿಂದ ಮೊದಲ ಸಲ, ಅವನೆದುರಿಗೆ ಇದ್ದದ್ದು ಅವನ ಹಾಳೆಯಲ್ಲಿ ಇತ್ತು. ಅವನಿಗೆ ಕಣ್ಣು ತುಂಬಿ ಬಂತು. ಹಿಂದೆ ಒಮ್ಮೆ ಬೇರೆ ಗಿಡಕ್ಕೆ ತುಂಬಿದ್ದ ಅದೇ ಕಣ್ಣು.

“ಆತು” ಎಂದ.

ಅಂದ ಮೇಲೆ ತನ್ನ ಮಾತನ್ನು ತಾನೇ ಕೇಳಿಸಿಕೊಂಡ. ಸೂರ್ಯ ಇನ್ನೂ ಮಾಳಿಗೆಗಳ ಮೇಲೆ ಇದ್ದ. ಒಂದು ಗಿಡ ಕಡಿಯಲು ಸಾಲುವಷ್ಟು ಬೆಳಕಿತ್ತು. ಕರೆಪ್ಪ ಮಾಸ್ತರನ ಕೆಲಸ ಮುಗಿದದ್ದಕ್ಕೆ ಖರೆಯಾಗಿ ಹಿಗ್ಗಿದವನಂತೆ, “ಛಲೋ ಆತ್ರಿ” ಎಂದು ಎದ್ದು, ಅಂಗೈಗೆ ಉಗುಳಿಕೊಂಡು ಕೊಡಲಿ ಎತ್ತಿಕೊಂಡ. ತಡಿ ಎನ್ನಬೇಕು. ಬಾಯಿ ತೆರೆದ. ಜಮಖಂಡಿಯ ಕಚೇರಿಯಲ್ಲಿ ತೆರೆದ ಬಾಯಿಯೇ ಅದು. ಒಳಗಿನಿಂದ ಏನೂ ಬರಲಿಲ್ಲ. ಎರಡೂ ಕೈಗಳು ಹಾಳೆಗೆ ಧಕ್ಕೆಯಾಗದಂತೆ ಹಲಗೆಯನ್ನು ಎತ್ತಿ ಹಿಡಿದಿದ್ದವು.

ಮುತ್ತವ್ವ ಅವನ ಕಡೆ ನೋಡಲಿಲ್ಲ. ಎದ್ದು ಹೋಗಿ ಬೊಡ್ಡೆಯ ಗೀರಿನಿಂದ ಹಾಸಿನ ಹಗ್ಗ ಬಿಚ್ಚಿದಳು; ಹೆಂಗಸರು ಆ ತುದಿಯಿಂದ ಹಾಸು ಸುತ್ತುತ್ತ ಬಂದರು. ಮೊದಲ ಏಟಿಗೆ ಗೀಜಗಗಳು ಒಟ್ಟಿಗೆ ಎದ್ದವು. ಚಕ್ಕೆಯೊಂದು ಹಾರಿ ಅವನ ಕಾಲ ಬಳಿ ಬಿತ್ತು, ಒಳಗೆಲ್ಲ ಕೆಂಪಗೆ. ಆಕೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಅವನ ಬಳಿಗೆ ಬಂದಳು. ಏನಾದರೂ ಅಂದಾಳೆಂದು ಅವನು ತಲೆ ತಗ್ಗಿಸಿದ. ಆಕೆ ಬಾಗಿ, ನೀರಿನ ತಂಬಿಗೆಯನ್ನು ಚಕ್ಕೆ ಸಿಡಿಯದಷ್ಟು ಆಚೆಗೆ, ಅವನ ಬಲಗೈ ಎಟುಕುವ ಕಡೆಗೆ ಸರಿಸಿ, ಸರಿದಿದ್ದ ಅರಿವೆಯನ್ನು ಅದರ ಬಾಯಿಗೆ ಮತ್ತೆ ಸರಿಯಾಗಿ ಮುಚ್ಚಿದಳು.